ನಮ್ಮತ್ತೆಯ ‘ಬ್ಯಾಡ’ಕ್ಕೆ ಮೊದಲ ಸ್ಥಾನ ಕೊಟ್ಟವರಿಗೆ

ಮಾನ್ಯರೇ,

ನನ್ನ ಅತ್ತೆ ದುರುಗಮ್ಮನವರು ಎರಡನೇ ಕಣ್ಣಿನ ಆಪರೇಷನ್ ಬೇಡ ಎಂದಿದ್ದಾರೆಂದು ತಮ್ಮ ಕಚೇರಿಯ ಯಂತ್ರ ದಾಖಲಿಸಿಕೊಂಡು, ಅವರ ಹೆಸರನ್ನು ಶಿಬಿರದಿಂದ ತೆಗೆದುಹಾಕಿದೆ. ಅವರು ಬೇಡ ಎಂದದ್ದು ನಿಜ. ಪಕ್ಕದಲ್ಲೇ ನಿಂತು ಈ ಕಿವಿಯಿಂದಲೇ ಕೇಳಿದ್ದೇನೆ. ಅವರಿಗೆ ಆ ಆಪರೇಷನ್ ಬೇಕಾಗಿತ್ತು, ಈಗಲೂ ಬೇಕು ಎನ್ನುವುದೂ ಅಷ್ಟೇ ನಿಜ. ಈ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ ಎಂದು ತಮಗೆ ಅನ್ನಿಸಿದರೆ, ತಾವು ನಮ್ಮ ಕಡೆ ಯಾರ ಮನೆಯಲ್ಲೂ ಒಂದು ಕಪ್ ಚಹಾ ಕುಡಿದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ತಮ್ಮ ಹೆಸರು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ. ನಾನೂ ಹರಪನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಯಾವ ಕಚೇರಿ ಎಂದು ದಯವಿಟ್ಟು ಕೇಳಬಾರದು, ನನಗೂ ಮೇಲಧಿಕಾರಿಗಳಿದ್ದಾರೆ, ಅವರಿಗೂ ಬೆಳಿಗ್ಗೆ ಪತ್ರಿಕೆ ಓದುವ ಚಟವಿದೆ. ತಮ್ಮ ಕೆಲಸವೇನೆಂಬುದು ಮಾತ್ರ ನನಗೀಗ ಚೆನ್ನಾಗಿ ಗೊತ್ತಾಗಿದೆ. ಉಚಿತ ಕಣ್ಣಿನ ಶಿಬಿರಕ್ಕೆ ಹೆಸರು ಕೊಟ್ಟವರಿಗೆಲ್ಲ ತಾವು ಯಂತ್ರದಿಂದ ಫೋನು ಮಾಡಿಸುತ್ತೀರಿ. ಅತ್ತ ಕಡೆಯವರು ಆಡಿದ ಮಾತನ್ನು ಯಂತ್ರವೇ ಕೇಳಿಸಿಕೊಂಡು, ಒಪ್ಪಿದರು, ಒಲ್ಲೆ ಎಂದರು, ನಂಬರೇ ತಪ್ಪು, ಏನೂ ತಿಳಿಯಲಿಲ್ಲ ಎಂದು ಒಂದೊಂದು ಕರೆಯನ್ನು ಒಂದೊಂದು ಖಾನೆಗೆ ಹಾಕುತ್ತದೆ. ಯಾವ ಖಾನೆ ಮೇಲೆ, ಯಾವುದು ಕೆಳಗೆ ಎಂದು ಕ್ರಮಾಂಕ ಕೊಟ್ಟವರು ತಾವು. ಒಂದೇ ಕರೆಯಲ್ಲಿ ಎರಡು ಬಗೆಯ ಉತ್ತರ ಬಂದರೆ ಯಾವುದು ಗೆಲ್ಲಬೇಕು ಎಂದು ತೀರ್ಮಾನಿಸಿದವರೂ ತಾವೇ. ನನ್ನ ಅತ್ತೆಯ ಎರಡು ಮಾತುಗಳಲ್ಲಿ ಯಾವುದು ಖರೆ ಎಂದು ತೀರ್ಮಾನಿಸಲು ಅವರ ಮಗ, ಅಂದರೆ ನನ್ನ ಗಂಡ ಭೀಮರಾಜ, ಇವತ್ತಿಗೂ ಹೆದರುತ್ತಾರೆ. ಹಾಗಾಗಿ ತಮ್ಮ ಧೈರ್ಯಕ್ಕೆ ಮೊದಲು ಒಂದು ನಮಸ್ಕಾರ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಅರಸೀಕೆರೆ ಎಂದರೆ ರೈಲು ಜಂಕ್ಷನ್ನಿನ ಆ ದೊಡ್ಡ ಅರಸೀಕೆರೆಯಲ್ಲ, ನಮ್ಮ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯದೊಂದು ಮಂಡಕ್ಕಿ-ಮಿರ್ಚಿ ಬಂಡಿ ಇದೆ. ಬಸ್ಸಿಳಿದವರು ದಾರಿ ಕೇಳಬೇಕಾಗಿಲ್ಲ, ವಾಸನೆಯೇ ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಹರಪನಹಳ್ಳಿ ಕಡೆಗೆ ಹೊರಟ ಬಸ್ಸನ್ನು ‘ಇನ್ನೆರಡು ಮಿರ್ಚಿ ಬೇಯಲಿ’ ಎಂದು ನಿಲ್ಲಿಸಿದ ಕಂಡಕ್ಟರುಗಳಿದ್ದಾರೆ. ಅವರಿಗೂ ಮೇಲಧಿಕಾರಿಗಳಿರುವುದರಿಂದ ಹೆಸರು ಬೇಡ. ಕಳೆದ ವರ್ಷ ಹಗರಿಬೊಮ್ಮನಹಳ್ಳಿಯ ಶಿಬಿರದಲ್ಲಿ ಅತ್ತೆಯ ಎಡಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವರೇ, ಬುದ್ಧನ ಪಟ ತೂಗುಹಾಕಿದ ಗೋಡೆಯನ್ನು ಸುಮಾರು ಹೊತ್ತು ನೋಡಿ, ‘ಇದು ನೀಲಿ ಬಣ್ಣ ಏನು? ನಾ ಇಷ್ಟು ದಿನ ಗ್ವಾಡಿಗೆ ಹೊಗಿ ಹಿಡದೈತಿ ಅನ್ಕಂಡಿದ್ದೆ. ನಿನ್ನ ಮನಸಿನ್ಯಾಗ ಬೈದೂ ಬೈದಿದ್ದೆ ನೋಡು, ಗ್ವಾಡಿ ಒರಸವಲ್ಲಳು ಅಂತ’ ಎಂದರು. ಆ ಗೋಡೆಗೆ ಸುಣ್ಣ ಬಣ್ಣ ಮಾಡಿಸಿ ಆಗಲೇ ಎರಡು ಯುಗಾದಿ ಕಳೆದಿದ್ದವು. ಅಷ್ಟೂ ದಿನ ನಾನು ಮಾಡದ ತಪ್ಪಿಗೆ ಬೈಸಿಕೊಂಡಿದ್ದೆ ಎಂದು ತಿಳಿದು ನನಗೂ ಸಮಾಧಾನವಾಯಿತು. ಒಬ್ಬ ಸೊಸೆಯ ಮಾನ ಉಳಿಸಿದ ಆ ಶಿಬಿರಕ್ಕೆ ನಾನು ಋಣಿ. ಆದ್ದರಿಂದ ಈ ಪತ್ರವನ್ನು ಶಿಬಿರದ ವಿರುದ್ಧದ ಪತ್ರ ಎಂದು ತಾವು ಓದಬಾರದು.

ಬಲಗಣ್ಣಿಗೆ ಆಮೇಲೆ ಮಾಡೋಣ, ನಾವೇ ಫೋನು ಮಾಡುತ್ತೇವೆ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಈಗ ಅತ್ತೆಗೆ ಒಂದು ಕಣ್ಣು ನಿಚ್ಚಳ, ಇನ್ನೊಂದು ಮಂಜು. ಕಾಣುವುದಕ್ಕೇನೋ ಒಂದೇ ಸಾಕು. ಆದರೆ ಯಾವುದು ಎಷ್ಟು ದೂರದಲ್ಲಿದೆ ಎಂಬ ಅಂದಾಜಿಗೆ ಎರಡೂ ಬೇಕು. ಇದನ್ನು ಪರೀಕ್ಷಿಸಲು ತಾವು ಒಂದು ಕಣ್ಣು ಮುಚ್ಚಿಕೊಂಡು ಪೆನ್ನಿಗೆ ಕ್ಯಾಪು ಹಾಕಿ ನೋಡಬಹುದು. ಪೆನ್ನಾದರೆ ಕ್ಯಾಪು ತಪ್ಪುತ್ತದೆ, ಅಷ್ಟೇ. ಅತ್ತೆಯ ಮುಂದಿರುವುದು ಕಾದ ಎಣ್ಣೆಯ ಬಾಣಲೆ. ನಡುವಿಗೆ ಬೀಳಬೇಕಾದ ಮಿರ್ಚಿ ಅಂಚಿಗೆ ತಾಗುತ್ತದೆ, ಎಣ್ಣೆ ಸಿಡಿಯುತ್ತದೆ. ಈಗ ಅವರ ಬಲ ಮಣಿಕಟ್ಟಿನ ಸುತ್ತ ಸುಟ್ಟ ಕಲೆಗಳಿವೆ. ‘ಬಳಿ ಹಾಕ್ಕಂಡಂಗ ಕಾಣ್ತೈತಿ ಬಿಡು’ ಎಂದು ಅವರು ನಗುತ್ತಾರೆ. ಅವರ ಜೊತೆ ನಾನು ಎಲ್ಲದಕ್ಕೂ ನಗುತ್ತೇನೆ, ಇದೊಂದಕ್ಕೆ ನಗು ಬರುವುದಿಲ್ಲ. ಬಂಡಿ ಬಿಡಿ ಎಂದರೆ ಬಿಡುವವರಲ್ಲ. ಬಿಡಲೂಬಾರದು, ಆ ಬಂಡಿಯ ಮುಂದೆ ನಿಂತಾಗ ಅವರು ಇಡೀ ಬಸ್ ಸ್ಟ್ಯಾಂಡಿಗೆ ಯಜಮಾನಿ.

ಈಗ ಚಹಾದ ವಿಷಯ. ಅತ್ತೆಯ ಬಂಡಿಯ ಪಕ್ಕದಲ್ಲೇ ಕೊಟ್ರಬಸಮ್ಮನವರ ಚಹಾದಂಗಡಿ. ಇಬ್ಬರೂ ಒಂದೇ ವಯಸ್ಸಿನವರು, ಒಬ್ಬರನ್ನೊಬ್ಬರು ಬಿಟ್ಟರೆ ಇಬ್ಬರಿಗೂ ಹೊತ್ತು ಹೋಗುವುದಿಲ್ಲ. ಪ್ರತಿದಿನ ಸಂಜೆ ಅವರಿಬ್ಬರ ನಡುವೆ ನಡೆಯುವ ಮಾತುಕತೆಯನ್ನು ತಮ್ಮ ಯಂತ್ರದ ಅಧ್ಯಯನಕ್ಕಾಗಿ ಇಲ್ಲಿ ಇದ್ದದ್ದು ಇದ್ದ ಹಾಗೆಯೇ ಕೊಡುತ್ತಿದ್ದೇನೆ.

‘ದುರುಗವ್ವಾ, ಚಾ ಕುಡೀತಿ ಏನು?’

‘ಬ್ಯಾಡ ತಗ, ಈಗಾರ ಕುಡದೀನಿ.’

‘ಏ ಕುಡಿಯಬೇ, ಹಾಲು ಹೊಸಾವು ಅದಾವು.’

‘ಒಲ್ಲೆ ನಮ್ಮವ್ವ, ನಿನಗ್ಯಾಕ ತ್ರಾಸು.’

‘ಹಾಕೀನಿ ನೋಡು, ಆರಿ ಹೊಕ್ಕತಿ.’

‘ಹಾಕೇ ಬಿಟ್ಟಿ ಅಂದಮ್ಯಾಲ ಕೊಡು ಮತ್ತ.’

ಇಲ್ಲಿ ಅತ್ತೆ ಸುಳ್ಳು ಹೇಳಿದರೆಂದು ತಾವು ತಿಳಿಯಬಾರದು. ಮೊದಲ ಬೇಡ ಸಂಕೋಚದ್ದು: ಕೇಳಿದ ಕೂಡಲೇ ಕೈಯೊಡ್ಡುವವಳು ನಾನಲ್ಲ ಎಂದು ತಿಳಿಸುವುದಕ್ಕೆ. ಎರಡನೇ ಬೇಡ ಪರೀಕ್ಷೆಯದು: ಕೊಡುವವಳು ಬಾಯಿಮಾತಿಗೆ ಕೇಳಿದಳೋ, ಮನಸ್ಸಿನಿಂದ ಕೇಳಿದಳೋ ನೋಡುವುದಕ್ಕೆ. ಮೂರನೆಯ ಸಲವೂ ಕೇಳಿದರೆ ಮನಸ್ಸಿದೆ ಎಂದಾಯಿತು, ತೆಗೆದುಕೊಳ್ಳಬಹುದು. ಮೂರನೆಯದಕ್ಕೂ ಬೇಡ ಬಂದರೆ ಅದು ನಿಜವಾದ ಬೇಡ, ಅಲ್ಲಿಗೆ ಬಿಡಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಹೂವಿನ ಹಡಗಲಿಯ ನನ್ನ ತವರಿನಲ್ಲಿ ಹೀಗೇ, ಕೂಡ್ಲಿಗಿಯ ನನ್ನ ನಾದಿನಿಯ ಮನೆಯಲ್ಲೂ ಹೀಗೇ. ನಮ್ಮ ಕಚೇರಿಗೆ ಬೇರೆ ಸೀಮೆಯಿಂದ ವರ್ಗವಾಗಿ ಬಂದ ಒಬ್ಬ ಮಹನೀಯರು ಗೃಹಪ್ರವೇಶದ ಊಟಕ್ಕೆ ನಮ್ಮನ್ನೆಲ್ಲ ಕರೆದಿದ್ದರು. ಹೋಳಿಗೆಯ ತಟ್ಟೆ ಹಿಡಿದು ಬಂದರು, ‘ಇನ್ನೊಂದು?’ ಎಂದರು, ನಾವು ‘ಸಾಕ್ರಿ ಸಾಕ್ರಿ’ ಎಂದೆವು, ಅವರು ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗಿ ಇಟ್ಟೇಬಿಟ್ಟರು. ತೆಲಿಗಿಯಿಂದ ಬಸ್ಸು ಹಿಡಿದು ಬಂದಿದ್ದ ನಮ್ಮ ಜವಾನ ಹಾಲಸ್ವಾಮಿ ಆ ಹೋಳಿಗೆಯನ್ನು ಇವತ್ತಿಗೂ ನೆನೆಯುತ್ತಾನೆ. ಆ ಮಹನೀಯರು ಕೆಟ್ಟವರಲ್ಲ. ನಮ್ಮನ್ನು ನಂಬಿದರು, ಅದೇ ಅವರ ತಪ್ಪು. ತಮ್ಮ ಯಂತ್ರವೂ ಅಂಥದೇ ಒಬ್ಬ ಹೊಸ ಅಧಿಕಾರಿ ಎಂದು ನನಗನ್ನಿಸುತ್ತದೆ.

ಆ ಫೋನು ಬಂದದ್ದು ಒಂದು ಭಾನುವಾರ ಸಂಜೆ. ನನಗೆ ರಜೆ, ಅತ್ತೆಗೆ ಕೈನೆರವಿಗೆಂದು ಬಂಡಿಯ ಹತ್ತಿರವೇ ಇದ್ದೆ. ನನ್ನ ಎರಡೂ ಕೈ ಮೊಣಕೈವರೆಗೆ ಕಡಲೆ ಹಿಟ್ಟಿನಲ್ಲಿದ್ದವು. ಅತ್ತೆ ಫೋನನ್ನು ಸ್ಪೀಕರಿಗೆ ಹಾಕಿ, ಮಂಡಕ್ಕಿ ಚೀಲಕ್ಕೆ ಒರಗಿಸಿ ಇಟ್ಟರು. ತಮ್ಮ ಯಂತ್ರದ ದನಿ ಬಹಳ ಚೆಂದ, ಅದನ್ನು ಒಪ್ಪಲೇಬೇಕು. ನಮಸ್ಕಾರ ಹೇಳಿತು, ಶಿಬಿರದ ತಾರೀಕು ಹೇಳಿತು, ಹಗರಿಬೊಮ್ಮನಹಳ್ಳಿಯ ಕಲ್ಯಾಣಮಂಟಪದ ಹೆಸರು ಹೇಳಿತು. ಕೊನೆಗೆ, ‘ನಿಮ್ಮ ಎರಡನೇ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬರಲು ಇಚ್ಛಿಸುತ್ತೀರಾ?’ ಎಂದು ಕೇಳಿತು.

ಅತ್ತೆ ಸೆರಗು ಸರಿಮಾಡಿಕೊಂಡರು. ‘ಅಯ್ಯ, ಬ್ಯಾಡ ಬಿಡವ್ವ. ಒಂದು ಕಣ್ಣು ಮಾಡಿಕೊಟ್ಟೀರಿ, ಅದ ದೊಡ್ಡದು. ಮತ್ತ ನಿಮಗ್ಯಾಕ ತ್ರಾಸು’ ಎಂದು, ಎರಡನೇ ಸಲ ಕೇಳಿಸಿಕೊಳ್ಳಲು ನಗುಮುಖ ಮಾಡಿಕೊಂಡು ನಿಂತರು.

‘ಅತ್ತಿ, ಹೂಂ ಅನ್ರಿ! ಅದು ಮನಿಷ್ಯಾರಲ್ಲ, ಹೂಂ ಅನ್ರಿ!’ ಎಂದು ನಾನು ಕೂಗಿದೆ.

‘ಉತ್ತರಕ್ಕಾಗಿ ಧನ್ಯವಾದಗಳು. ನಿಮ್ಮ ಉತ್ತರವನ್ನು ದಾಖಲಿಸಲಾಗುತ್ತಿದೆ’ ಎಂದಿತು ಯಂತ್ರ.

ಅಷ್ಟೊಂದು ಮರ್ಯಾದೆಯ ಮಾತನ್ನು ಅತ್ತೆ ಎರಡನೇ ಸಲದ ಕೇಳಿಕೆ ಎಂದೇ ತಿಳಿದರು. ಫೋನಿನವಳು ಹೊಸಬಳು, ಪಾಪ ಎಂದು ಮೂರನೆಯ ಸಲದ ಕೇಳಿಕೆಯನ್ನು ಮಾಫಿ ಮಾಡಿ, ‘ಆತು, ನೀವು ಇಷ್ಟು ಹೇಳಾಕ ಹತ್ತೀರಿ ಅಂದಮ್ಯಾಲ ಬರ್ತೀನಿ ತಗಳವ್ವ. ಮುಂಜಾನಿ ಎಷ್ಟೊತ್ತಿಗೆ ಬರ್ಲಿ?’ ಎಂದರು. ಯಂತ್ರ ‘ನಿಮ್ಮ ದಿನ ಶುಭವಾಗಿರಲಿ’ ಎಂದು ಹರಸಿ ಬಾಯಿ ಮುಚ್ಚಿತು. ನಾನು ಕೈ ಒರೆಸಿಕೊಂಡು ಅದೇ ನಂಬರಿಗೆ ತಿರುಗಿ ಹಚ್ಚಿದರೆ, ಈ ನಂಬರಿಗೆ ಹೊರಗಿನವರು ಮಾತಾಡುವ ಹಾಗಿಲ್ಲ ಎಂದು ಇನ್ನೊಂದು ದನಿ ಹೇಳಿತು. ಅತ್ತೆಗೆ ಇದ್ಯಾವ ಚಿಂತೆಯೂ ಇಲ್ಲ. ‘ಎಂಥಾ ಚಂದ ಮಾತಾಡ್ತಾಳ ಹುಡುಗಿ’ ಎಂದು ಕೊಟ್ರಬಸಮ್ಮನಿಗೆ ಹೇಳಿ, ಆಪರೇಷನ್ ದಿನ ಬಂಡಿ ಬಂದ್ ಎಂದು ಗಿರಾಕಿಗಳಿಗೆಲ್ಲ ಸಾರಿದರು. ಕೊನೆಯಲ್ಲಿ ಬರ್ತೀನಿ ಎಂದಿದ್ದಾರಲ್ಲ, ಅದೇ ಲೆಕ್ಕಕ್ಕೆ ಬರುತ್ತದೆ ಎಂದು ನಾನೂ ಸಮಾಧಾನ ಮಾಡಿಕೊಂಡೆ. ಹೆಣ್ಣು ಕೊಡುವ ಮಾತುಕತೆಯಾಗಲಿ, ಎತ್ತಿನ ವ್ಯಾಪಾರವಾಗಲಿ, ಪಂಚಾಯ್ತಿಯಾಗಲಿ, ನಮ್ಮಲ್ಲಿ ಎದ್ದು ಹೋಗುವಾಗ ಆಡಿದ ಮಾತೇ ಮಾತು. ಮೊದಲ ಮಾತನ್ನು ಹಿಡಿದುಕೊಂಡು ಕೂತಿದ್ದರೆ ಈ ಜಿಲ್ಲೆಯಲ್ಲಿ ಒಂದು ಮದುವೆಯೂ ಆಗುತ್ತಿರಲಿಲ್ಲ.

ಶಿಬಿರದ ದಿನ ನಾನು ರಜೆ ಹಾಕಿದೆ. ಅತ್ತೆ ಹಸಿರು ಸೀರೆಯುಟ್ಟು, ಚೀಲದಲ್ಲಿ ರೊಟ್ಟಿ ಕಟ್ಟಿಕೊಂಡು, ಡಾಕ್ಟರಮ್ಮನಿಗೆಂದು ಖಾರ ಮಂಡಕ್ಕಿಯ ಪೊಟ್ಟಣವೊಂದನ್ನು ಬೇರೆಯಾಗಿ ಇಟ್ಟುಕೊಂಡು ನನ್ನ ಜೊತೆ ಬಸ್ಸು ಹತ್ತಿದರು. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಹಗರಿಬೊಮ್ಮನಹಳ್ಳಿಗೆ ಹೋದೆವು. ಕಲ್ಯಾಣಮಂಟಪದ ಬಾಗಿಲಲ್ಲಿ ಹೆಸರು ನೋಡುತ್ತಿದ್ದ ಹುಡುಗಿ ಕೈಯಲ್ಲಿದ್ದ ಪರದೆಯನ್ನು ಮೇಲೆ ಕೆಳಗೆ ಉಜ್ಜಿ ತಲೆಯಾಡಿಸಿದಳು.

‘ಅಮ್ಮಾ, ನೀವು ಬ್ಯಾಡ ಅಂದೀರಿ ಅಂತ ಐತ್ರಿ ಇಲ್ಲಿ.’

‘ಹೂನವ್ವ, ಅಂದೀನಿ. ಆಮ್ಯಾಲ ಬರ್ತೀನಿ ಅಂತಾನೂ ಅಂದೀನಲ್ಲ?’

‘ಅದೂ ಐತ್ರಿ. ಆದ್ರ ಅದು ಕೆಳಗೈತ್ರಿ.’

ನನ್ನ ನೌಕರಿಯಲ್ಲಿ ನಾನು ಎಷ್ಟೋ ವಿಚಿತ್ರ ಷರಾಗಳನ್ನು ಓದಿದ್ದೇನೆ. ಇಷ್ಟು ನೇರವಾದದ್ದನ್ನು ಓದಿಲ್ಲ. ಅದೂ ಇದೆ, ಆದರೆ ಕೆಳಗಿದೆ! ಆ ಹುಡುಗಿಯ ಕೈಯಲ್ಲಿ ಏನೂ ಇರಲಿಲ್ಲ, ಒಪ್ಪಿದವರಿಗಷ್ಟೇ ಹಾಸಿಗೆ ಗೊತ್ತುಮಾಡಿದ್ದರು, ಆಸ್ಪತ್ರೆಗೆ ಕರೆದೊಯ್ಯುವ ವ್ಯಾನು ತುಂಬಿತ್ತು. ಅತ್ತೆ ಜಗಳ ಮಾಡಲಿಲ್ಲ. ಮಂಡಕ್ಕಿಯ ಪೊಟ್ಟಣವನ್ನು ಅವಳ ಕೈಗೇ ಕೊಟ್ಟರು. ಅವಳು ಬೇಡ ಬೇಡ ಎಂದಳು, ಇವರು ಮೂರು ಸಲ ಹೇಳಿ ಕೊಟ್ಟೇ ಬಂದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತರು. ಆಮೇಲೆ ಹೇಳಿದರು: ‘ಆ ಫೋನಿನ ಹುಡುಗಿಗೆ ಕೊಡಾಕ ಮನಸಿರ್ಲಿಲ್ಲ ಸಮತಾ. ಮನಸಿದ್ದಿದ್ರ ಇನ್ನೊಂದು ಸಲ ಕೇಳ್ತಿದ್ಲು.’

ಮಾನ್ಯರೇ, ಈ ಪತ್ರ ಹುಟ್ಟಿದ್ದು ಆ ಮಾತಿನಿಂದ. ತಮ್ಮ ಪ್ರಕಾರ ನನ್ನ ಅತ್ತೆ ತಮ್ಮನ್ನು ನಿರಾಕರಿಸಿದ್ದಾರೆ. ನನ್ನ ಅತ್ತೆಯ ಪ್ರಕಾರ ತಾವು ಅವರನ್ನು ನಿರಾಕರಿಸಿದ್ದೀರಿ. ನನಗೆ ಅವತ್ತು ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ಹರಪನಹಳ್ಳಿಯವರೆಗೆ ತಡೆದುಕೊಂಡೆ.

ಮುಂದಿನ ವಾರ ನೇರ ತಮ್ಮ ಕಚೇರಿಗೇ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ತಾವು ಮೀಟಿಂಗಿನಲ್ಲಿಲ್ಲದ ದಿನ ಯಾವುದು ಎಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಕೊಟ್ಟೂರು ಕಡೆಯ ಅರುಣಕುಮಾರ್ ಎಂಬ ಯುವಕರು, ತಮ್ಮ ಯಂತ್ರ ನೋಡಿಕೊಳ್ಳುವವರು, ‘ಬರ್ರಿ ಮೇಡಂ, ಕುಂದರ್ರಿ’ ಎಂದು ಕುರ್ಚಿ ಕೊಟ್ಟರು. ನನ್ನ ಕಥೆ ಕೇಳಿ, ಕಂಪ್ಯೂಟರ್ ತಿರುಗಿಸಿ ತಮ್ಮ ಕ್ರಮಾಂಕವನ್ನು ತೋರಿಸಿದರು. ಎಲ್ಲಕ್ಕಿಂತ ಮೇಲೆ ನಿರಾಕರಣೆ. ಅದರ ಕೆಳಗೆ ತಪ್ಪು ಸಂಖ್ಯೆ, ಬೇರೆಯವರು ಮಾತಾಡಿದ್ದು, ಆಮೇಲೆ ಮಾಡಿ ಎಂದದ್ದು. ಅಷ್ಟಾದ ಮೇಲೆ ಒಪ್ಪಿಗೆ. ಕಟ್ಟಕಡೆಗೆ, ಪಂಕ್ತಿಯ ಕೊನೆಯಲ್ಲಿ ಕೂತವರ ಹಾಗೆ, ಅಸ್ಪಷ್ಟ. ಯಂತ್ರ ಮೇಲಿನಿಂದ ಓದುತ್ತಾ ಬರುತ್ತದಂತೆ. ಹೊಂದುವ ಮೊದಲ ಖಾನೆ ಸಿಕ್ಕ ಕೂಡಲೇ ನಿಂತುಬಿಡುತ್ತದಂತೆ. ನನ್ನ ಅತ್ತೆಯ ಕರೆಯಲ್ಲಿ ಮೊದಲನೆಯ ಖಾನೆಯೇ ಸಿಕ್ಕಿತು. ಅವರ ಒಪ್ಪಿಗೆಯನ್ನು ಯಂತ್ರ ಕೇಳಿಸಿಕೊಂಡಿತ್ತು, ಬರೆದೂ ಇಟ್ಟಿತ್ತು. ಅಷ್ಟು ಕೆಳಗಿನವರೆಗೆ ಇಳಿಯುವ ಪ್ರಮೇಯ ಮಾತ್ರ ಬರಲಿಲ್ಲ.

ನಿರಾಕರಣೆಗೇ ಯಾಕೆ ಪಟ್ಟ ಕಟ್ಟಿದಿರಿ ಎಂದು ಕೇಳಿದೆ. ಹಿಂದೆ ಬೇಡ ಎಂದವರಿಗೂ ಯಂತ್ರ ಮತ್ತೆ ಮತ್ತೆ ಫೋನು ಮಾಡಿ, ಊಟಕ್ಕೆ ಕೂತವರನ್ನು ಎಬ್ಬಿಸಿ, ಜನ ರೇಗಿ ದೂರು ಕೊಟ್ಟಿದ್ದರಂತೆ. ಅದಕ್ಕೇ ಬೇಡ ಎಂಬ ಮಾತು ಎಲ್ಲೇ ಕಂಡರೂ ಅದೇ ಅಂತಿಮ, ಆ ನಂಬರಿಗೆ ಇನ್ನೆಂದೂ ಕರೆ ಹೋಗಕೂಡದು ಎಂದು ಮಾಡಿದರಂತೆ. ಉದ್ದೇಶ ಒಳ್ಳೆಯದೇ. ಅದನ್ನು ನಾನು ಹಂಗಿಸುವುದಿಲ್ಲ. ಬೇಡ ಎಂದವರನ್ನು ಪೀಡಿಸಬಾರದು, ಅದರಲ್ಲೂ ಹೆಣ್ಣುಮಕ್ಕಳ ಬೇಡಕ್ಕೆ ಬೆಲೆ ಕೊಡಬೇಕು ಎಂದು ವಾದಿಸುವವರಲ್ಲಿ ನಾನೇ ಮುಂದೆ. ಆದರೆ ಸಾಲ ಬೇಕೇ ಎಂದು ಕೇಳುವ ಕರೆಯ ಬೇಡಕ್ಕೂ ಕಣ್ಣು ಬೇಕೇ ಎಂದು ಕೇಳುವ ಕರೆಯ ಬೇಡಕ್ಕೂ ಒಂದೇ ತೂಕವೇ? ನಿಜವಾಗಿ ಬೇಡದವರನ್ನು ಇನ್ನೊಮ್ಮೆ ಕೇಳಿದರೆ ಆಗುವ ನಷ್ಟ ಒಂದಿಷ್ಟು ಕಿರಿಕಿರಿ. ಬೇಕಾದವರನ್ನು ಬೇಡದವರೆಂದು ತಿಳಿದರೆ ಆಗುವ ನಷ್ಟ ಒಂದು ಕಣ್ಣು. ಈ ಎರಡನ್ನು ತಕ್ಕಡಿಯಲ್ಲಿಟ್ಟು ತೂಗಿದ ಮೇಲೂ ಕಿರಿಕಿರಿಯ ಕಡೆಯೇ ಭಾರ ಎಂದು ಕಂಡಿತೇ ತಮಗೆ? ಹಾಗಿದ್ದರೆ ಆ ತಕ್ಕಡಿಯನ್ನೊಮ್ಮೆ ತೂಕ ಅಳತೆಯವರಿಗೆ ತೋರಿಸುವುದು ಒಳ್ಳೆಯದು.

ಇನ್ನೊಂದು ಚೋದ್ಯವನ್ನೂ ಅರುಣಕುಮಾರ್ ಹೇಳಿದರು. ಕೊನೆಯ ಖಾನೆ, ಆ ಅಸ್ಪಷ್ಟ, ಅದಕ್ಕೆ ಬಿದ್ದವರಿಗೆ ಮಾತ್ರ ತಮ್ಮ ಕಚೇರಿಯ ಮನುಷ್ಯರು ಖುದ್ದು ಫೋನು ಮಾಡಿ ವಿಚಾರಿಸುತ್ತಾರಂತೆ. ನಮ್ಮ ಬೀದಿಯ ಹಿಟ್ಟಿನ ಗಿರಣಿಯ ಶಿವಯೋಗಪ್ಪನವರಿಗೆ ಹೇಗೆ ಆಪರೇಷನ್ ಆಯಿತು ಎಂಬುದು ನನಗೆ ಆಗ ಹೊಳೆಯಿತು. ಅವರು ಗಿರಣಿ ನಡೆಯುತ್ತಿರುವಾಗಲೇ ಫೋನು ಎತ್ತಿದ್ದರು. ಯಂತ್ರಕ್ಕೆ ಜೋಳ ಬೀಸುವ ಸದ್ದು ಬಿಟ್ಟು ಇನ್ನೇನೂ ಕೇಳಿಸಿರಲಿಲ್ಲ. ಮರುದಿನ ಒಬ್ಬ ಮನುಷ್ಯರು ಮಾಡಿದರು, ಇವರು ಎರಡು ಸಲ ಬೇಡ ಎಂದರು, ಅವರು ‘ಬರ್ರಿ ಯಜಮಾನ್ರ, ಸುಮ್ನ ಬರ್ರಿ’ ಎಂದು ಗದರಿದರು, ಇವರು ಹೋದರು. ಈಗ ಕಟ್ಟೆಯ ಮೇಲೆ ಕೂತು ಕನ್ನಡಕವಿಲ್ಲದೆ ಬಸ್ಸಿನ ಬೋರ್ಡು ಓದಿ ಹೇಳುತ್ತಾರೆ. ಅಂದರೆ ನನ್ನ ಅತ್ತೆ ಮರ್ಯಾದೆಯ ಮಾತಾಡುವ ಬದಲು ಫೋನಿನ ಮುಂದೆ ಜೋರಾಗಿ ಒಮ್ಮೆ ಸೀನಿದ್ದರೂ ಸಾಕಿತ್ತು, ಕಣ್ಣು ಸಿಗುತ್ತಿತ್ತು. ಸೀನಿಗೆ ಸಿಗುವ ಮನುಷ್ಯರ ಆರೈಕೆ ಸಂಕೋಚಕ್ಕೆ ಸಿಗಬಾರದೇ?

‘ನಮ್ಮ ಐದು ತಾಲೂಕಿನಾಗ ಬ್ಯಾಡ ಅನ್ನೋರು ಭಾಳ ಅದಾರ್ರಿ ಮೇಡಂ’ ಎಂದು ಅರುಣಕುಮಾರ್ ಪರದೆಯಲ್ಲಿ ಕೆಂಪು ಬಣ್ಣ ತೋರಿಸಿದರು. ಕೂಡ್ಲಿಗಿ ಕೆಂಪು, ಕೊಟ್ಟೂರು ಕೆಂಪು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಕೆಂಪು. ಇದನ್ನು ಕಂಡ ತಾವು, ಈ ಭಾಗದ ಜನರಿಗೆ ಕಣ್ಣಿನ ಬಗ್ಗೆ ಅರಿವಿಲ್ಲ ಎಂದು ತೀರ್ಮಾನಿಸಿ, ಊರೂರಿಗೆ ಜಾಗೃತಿ ಜಾಥಾ ಹೊರಡಿಸಲು ಟಿಪ್ಪಣಿ ಬರೆದಿದ್ದೀರಂತೆ. ದಯವಿಟ್ಟು ಬನ್ನಿ. ಜಾಥಾ ಅರಸೀಕೆರೆ ಬಸ್ ಸ್ಟ್ಯಾಂಡಿಗೆ ಬಂದಾಗ ಮಿರ್ಚಿ ತಿನ್ನಿ ಎಂದು ನನ್ನ ಅತ್ತೆ ಕರೆಯುತ್ತಾರೆ. ತಾವು ಮೊದಲ ಸಲಕ್ಕೇ ಹೂಂ ಎನ್ನುತ್ತೀರೋ, ಬೇಡಮ್ಮ ಎನ್ನುತ್ತೀರೋ ನಾನು ನೋಡಬೇಕು.

ಈ ಮಾತು ಸುಮ್ಮನೆ ಹೇಳುತ್ತಿಲ್ಲ. ಅದೇ ಹೊತ್ತಿಗೆ ಅರುಣಕುಮಾರ್ ‘ಚಾ ತರಸ್ಲೇನ್ರಿ ಮೇಡಂ?’ ಎಂದರು. ನಾನು ‘ಬ್ಯಾಡ್ರಿ, ಈಗಾರ ಆತು’ ಎಂದೆ. ‘ಏ, ಬಿಸಿಲಾಗ ಬಂದೀರಿ, ಸ್ವಲ್ಪ ಕುಡೀರಿ’ ಎಂದರು. ‘ಇಲ್ರಿ, ನಿಮಗ್ಯಾಕ ತ್ರಾಸು’ ಎಂದೆ. ಅವರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಬಾಗಿಲ ಕಡೆ ತಿರುಗಿ ‘ಎರಡು ಚಾ’ ಎಂದು ಕೂಗಿದರು. ಚಹಾ ಬಂತು, ನಾನು ಅರ್ಧ ಕುಡಿದೆ, ಆಮೇಲೆ ನನಗೆ ಎಚ್ಚರವಾಯಿತು. ಬೇಕೆಂದು ಹೂಡಿದ ನಾಟಕವಲ್ಲ ಮಾನ್ಯರೇ, ಬಸ್ಸಿನಲ್ಲಿ ಬರುವಾಗ ಬಾಯಾರಿ ಸಾಯುತ್ತಿದ್ದೆ.

‘ಸರ್, ನಾನು ಎರಡು ಸಲ ಬ್ಯಾಡ ಅಂದೆ. ನನ್ನ ಯಾವ ಖಾನಿಗೆ ಹಾಕಿದ್ರಿ?’ ಎಂದು ಕೇಳಿದೆ.

ಅವರು ಲೋಟ ಹಿಡಿದುಕೊಂಡು ನನ್ನನ್ನೇ ನೋಡಿದರು. ಪರದೆಯ ಕೆಂಪನ್ನು ನೋಡಿದರು. ಆಮೇಲೆ ಚಹಾ ನೆತ್ತಿಗೇರುವ ಹಾಗೆ ನಕ್ಕರು. ‘ಖರೇ ಐತ್ರಿ. ನಮ್ಮವ್ವಗೂ ಮೂರು ಸಲ ಹೇಳದ ಏನೂ ನಡಿಯಂಗಿಲ್ರಿ’ ಎಂದರು. ನಕ್ಕು ಮುಗಿದ ಮೇಲೆ ಅವರ ಮುಖ ಸಣ್ಣಗಾಯಿತು. ‘ಆದ್ರ ಕ್ರಮ ಬದಲ್ ಮಾಡಾದು ನನ್ನ ಕೈಯಾಗಿಲ್ರಿ. ಸಾಹೇಬ್ರ ಸಹಿ ಬೇಕು. ನೀವು ಸಾಹೇಬ್ರಿಗೆ ಬರೀರಿ, ಹತ್ತು ಮಂದಿ ಓದೋ ಹಂಗ ಬರೀರಿ’ ಎಂದರು. ಹೀಗಾಗಿ ಬರೆಯುತ್ತಿದ್ದೇನೆ. ಅವರ ಮೇಲೆ ಸಿಟ್ಟಾಗಬೇಡಿ, ತಮ್ಮ ಕಚೇರಿಯಲ್ಲಿ ಬೇಡ ಎಂಬ ಮಾತನ್ನು ಸರಿಯಾಗಿ ವಿಂಗಡಿಸಬಲ್ಲವರು ಸದ್ಯಕ್ಕೆ ಅವರೊಬ್ಬರೇ.

ಖಾಸಗಿ ಆಸ್ಪತ್ರೆಗೆ ಯಾಕೆ ಹೋಗಬಾರದು ಎಂದು ತಾವು ಕೇಳಬಹುದು. ಭೀಮರಾಜ ಕೇಳಿದರು, ನಾನು ಕೇಳಿದೆ, ಮೂರು ಸಲವಲ್ಲ, ಹತ್ತಾರು ಸಲ. ಅತ್ತೆಯದು ಅದಕ್ಕೆ ನಿಜವಾದ ಬೇಡ. ಎಡಗಣ್ಣು ಮಾಡುವಾಗ ಹೆದರಿದ್ದ ಅವರ ಕೈಯನ್ನು ಆ ಡಾಕ್ಟರಮ್ಮ ಹಿಡಿದುಕೊಂಡಿದ್ದರಂತೆ. ‘ಆ ಕೈ ಇದ್ರ ಕುಂದರ್ತೀನಿ, ಇಲ್ಲಂದ್ರ ಒಲ್ಲೆ’ ಎನ್ನುತ್ತಾರೆ. ಹೇಗಾದರೂ ಶಿಬಿರದಲ್ಲೇ ಆಗಬೇಕು, ಅದಕ್ಕೆ ತಮ್ಮ ಯಂತ್ರದ ಕೃಪೆ ಬೇಕು.

ಹಾಗಾಗಿ, ತಮ್ಮ ನಿಯಮ ಬದಲಾಗಿ ಇನ್ನೊಮ್ಮೆ ಫೋನು ಬಂದರೆ ಉತ್ತರ ತಪ್ಪಬಾರದೆಂದು, ನಾನು ಅತ್ತೆಗೆ ತರಬೇತಿ ಶುರುಮಾಡಿದೆ. ಕಚೇರಿಯಿಂದ ಬಂದ ಮೇಲೆ ನಾನು ಯಂತ್ರವಾಗುತ್ತೇನೆ, ಮೂಗಿನಿಂದ ಮಾತಾಡುತ್ತೇನೆ, ‘ಶಸ್ತ್ರಚಿಕಿತ್ಸೆಗೆ ಬರಲು ಇಚ್ಛಿಸುತ್ತೀರಾ?’ ಎನ್ನುತ್ತೇನೆ. ಅತ್ತೆ ಬಾಯಿ ತೆರೆಯುತ್ತಾರೆ, ಹೂಂ ಎನ್ನಲು ಹೋಗುತ್ತಾರೆ, ‘ಬ್ಯಾಡ...’ ಎಂದು ಬಂದುಬಿಡುತ್ತದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ‘ಕೇಳಿದ ಕೂಡ್ಲೇ ಹೂಂ ಅಂದ್ರ ಮಂದಿ ಏನಂತಾರಬೇ? ಇಕಿಗೆ ಹಿಂದಿಲ್ಲ ಮುಂದಿಲ್ಲ ಅಂತಾರ’ ಎಂದು ವಾದ ಬೇರೆ. ರೂಢಿಯಾಗಲಿ ಎಂದು ಒಂದು ಸಂಜೆ ಕೊಟ್ರಬಸಮ್ಮನ ಚಹಾಕ್ಕೆ ಮೊದಲ ಸಲಕ್ಕೇ ಹೂಂ ಎನ್ನಿ ಎಂದು ಹೇಳಿಕೊಟ್ಟೆ. ಅತ್ತೆ ಕಣ್ಣುಮುಚ್ಚಿ ‘ಹೂಂ, ಕೊಡು’ ಎಂದುಬಿಟ್ಟರು. ಕೊಟ್ರಬಸಮ್ಮ ಚಹಾದ ಸೌಟನ್ನು ಅಲ್ಲೇ ಬಿಟ್ಟು ಓಡಿಬಂದು ಅತ್ತೆಯ ಹಣೆ ಮುಟ್ಟಿ ನೋಡಿದರು. ‘ಏನಾತಬೇ ನಿನಗ? ಆರಾಮಿಲ್ಲೇನು? ಭೀಮಗ ಫೋನ್ ಹಚ್ಚಲಾ?’ ಎಂದು ಗಾಬರಿಯಾದರು. ಅವತ್ತು ಮಿರ್ಚಿ ತಿನ್ನಲು ನಿಂತಿದ್ದವರೆಲ್ಲ ಅತ್ತೆಯ ಆರೋಗ್ಯ ವಿಚಾರಿಸಿಕೊಂಡೇ ಬಸ್ಸು ಹತ್ತಿದರು.

ಮೊನ್ನೆ ಎಂದಿನಂತೆ ಮೂಗಿನಿಂದ ಕೇಳಿದೆ. ಅತ್ತೆ ನಗಲಿಲ್ಲ. ಸುಟ್ಟ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಹೇಳಿದರು: ‘ಬೇಕವ್ವ. ನನಗ ಆ ಕಣ್ಣು ಬೇಕು.’

ನಾನು ಮೂಗಿನ ದನಿ ಬಿಟ್ಟೆ. ನಾನು ಈ ಮನೆಗೆ ಬಂದಂದಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ರಾತ್ರಿ ಭೀಮರಾಜರನ್ನು ಕೇಳಿದೆ, ಅವರೂ ಕೇಳಿಲ್ಲವಂತೆ. ಮಕ್ಕಳಿಗೆ ಬೇಕು, ಗಿರಾಕಿಗೆ ಬೇಕು, ಬಂಡಿಗೆ ಬೇಕು ಎಂದು ಅವರು ದಿನಾ ಹೇಳುತ್ತಾರೆ. ನನಗೆ ಬೇಕು ಎಂದದ್ದು ಇದೇ ಮೊದಲು. ಈಗ ಅವರು ಫೋನನ್ನು ಹಿಟ್ಟು ತಾಗದ ಹಾಗೆ ಎದುರಿಗೇ ಇಟ್ಟುಕೊಂಡು, ರಿಂಗಾದಾಗಲೆಲ್ಲ ಕೈ ಒರೆಸಿಕೊಂಡು, ಒಮ್ಮೆ ಬಾಯಲ್ಲೇ ‘ಬೇಕು’ ಎಂದು ಹೇಳಿಕೊಂಡು ಎತ್ತುತ್ತಾರೆ. ನಿರಾಕರಿಸಿದವರಿಗೆ ಮತ್ತೆ ಕರೆ ಹೋಗುವುದಿಲ್ಲ ಎಂಬ ತಮ್ಮ ನಿಯಮವನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ನಿರಾಕರಣೆಯನ್ನು ಮೊದಲ ಸ್ಥಾನದಿಂದ ಇಳಿಸಿ, ಒಪ್ಪಿಗೆಯ ಕೆಳಗೆ ಕೂರಿಸಿ. ಒಂದು ಕರೆಯಲ್ಲಿ ಬೇಡವೂ ಬೇಕೂ ಎರಡೂ ಬಂದರೆ ಅದನ್ನು ಅಸ್ಪಷ್ಟಕ್ಕೆ ಹಾಕಿ, ಆ ಅಸ್ಪಷ್ಟವನ್ನು ಎಲ್ಲಕ್ಕಿಂತ ಮೇಲಿಡಿ, ಅಂಥವರಿಗೆ ಮನುಷ್ಯರು ಫೋನು ಮಾಡಲಿ. ಬರೀ ಬೇಡ ಬಂದರೂ ಇನ್ನೊಮ್ಮೆ, ಮತ್ತೊಮ್ಮೆ ಕೇಳಿ ನೋಡಿ; ಮೂರನೆಯದಕ್ಕೂ ಬೇಡವೆಂದರೆ ಬಿಡಿ, ನಾವೂ ಹಾಗೇ ಬಿಡುತ್ತೇವೆ. ಇದಕ್ಕೆಲ್ಲ ಸಮಿತಿ, ಸಭೆ, ಸುತ್ತೋಲೆ ಬೇಕಾಗುತ್ತದೆ, ನನಗೆ ಗೊತ್ತು, ನಾನೂ ಅದೇ ಕಸುಬಿನವಳು. ಆದರೆ ದುರುಗಮ್ಮನವರಿಗೆ ಒಂದು ಫೋನು ಮಾಡಲು ಸುತ್ತೋಲೆ ಬೇಕಾಗಿಲ್ಲ. ಸ್ವಲ್ಪ ಬೇಗ ಮಾಡಿ. ಈ ಪತ್ರ ಅಚ್ಚಾದ ಹಾಳೆ ವಾರದೊಳಗೆ ರದ್ದಿಗೆ ಬಿದ್ದು, ಅತ್ತೆಯ ಬಂಡಿಗೇ ಮಿರ್ಚಿ ಕಟ್ಟಲು ಬರುತ್ತದೆ. ಅತ್ತೆಗೆ ಓದು ಬಾರದು, ಕೊಟ್ರಬಸಮ್ಮನಿಗೆ ಚೆನ್ನಾಗಿ ಬರುತ್ತದೆ. ಫೋನು ಬರುವುದೇ ಇಲ್ಲ ಎಂಬ ಸುದ್ದಿ ಅತ್ತೆಗೆ ಹಾಗೆ ತಿಳಿಯಬಾರದು.

ಸಂಜೆ ಮಾಡಿ, ಬಂಡಿಯ ಹತ್ತಿರವೇ ಇರುತ್ತಾರೆ. ಅವರು ಉತ್ತರ ಕಲಿತು ಕೂತಿದ್ದಾರೆ. ತಾವು ಕೇಳುವುದೊಂದು ಬಾಕಿ.

ಇಂತಿ,
ದಿನಾ ಸಂಜೆ ಮೂಗಿನಿಂದ ಮಾತಾಡಿ ತಮ್ಮ ಯಂತ್ರದ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿರುವ
ದುರುಗಮ್ಮನವರ ಸೊಸೆ, ಸಮತಾ
ಅರಸೀಕೆರೆ, ಹರಪನಹಳ್ಳಿ ತಾಲ್ಲೂಕು